ನೀರಿನ ಕೈಪಿಡಿ

ಗ್ರಾನಡಾ ನಗರದ ಪ್ಲಾಸಾ ನುಯೇವಾ ಚೌಕದಿಂದ ಅಲ್ಹಾಂಬ್ರಾ ಅರಮನೆಯ ಕಡೆಗೆ ಒಂದು ಕಿರಿದಾದ ಬೀದಿ ಏರುತ್ತದೆ. ಕ್ಯುಯೆಸ್ತಾ ದೆ ಗೊಮೆರೆಸ್ ಎಂದು ಅದರ ಹೆಸರು. ಕ್ಯುಯೆಸ್ತಾ ಅಂದರೆ ಏರು, ನಮ್ಮ ಕಡೆಯ ಮಾತಿನಲ್ಲಿ ದಿಬ್ಬ. ನವೆಂಬರ್ ತಿಂಗಳ ಒಂದು ಬೆಳಗ್ಗೆ, ಗಿಟಾರಿನ ಪೆಟ್ಟಿಗೆಯನ್ನು ಬೆನ್ನಿಗೇರಿಸಿಕೊಂಡು ಆ ದಿಬ್ಬ ಹತ್ತುತ್ತಿದ್ದಾಗ ಕಣ್ಣಿಗಿಂತ ಮೊದಲು ನನ್ನ ಮೂಗು ನಿಂತಿತು. ಅರ್ಧ ತೆರೆದ ಬಾಗಿಲೊಂದರಿಂದ ಗುಲಾಬಿಯೂ ಅಲ್ಲದ, ಬೆಲ್ಲವೂ ಅಲ್ಲದ ಒಂದು ಸಿಹಿ ವಾಸನೆ ಬರುತ್ತಿತ್ತು. ಅದು ನನಗೆ ಗೊತ್ತಿದ್ದ ವಾಸನೆ. ಚಿಕ್ಕಂದಿನಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಅಂಗಳದಲ್ಲಿ ಆಚಾರಿಯೊಬ್ಬರು ಹಳೆಯ ಬೀಟೆಯ ತೊಲೆ ಕೊಯ್ದು ದಾರಂದ ಕೂರಿಸುತ್ತಿದ್ದಾಗ ಹಾರುತ್ತಿದ್ದ ಹುಡಿಯ ವಾಸನೆ. ಎಂಟು ಸಾವಿರ ಕಿಲೋಮೀಟರ್‌ಗೂ ಆಚೆ ಬಂದು, ಯಾರದೋ ಹೊಸಿಲಲ್ಲಿ ನಾನು ನಮ್ಮ ಮನೆಯ ಅಂಗಳವನ್ನು ಮೂಸುತ್ತ ನಿಂತಿದ್ದೆ.

ನಾನು ಹವ್ಯಾಸಿ. ಗಿಟಾರ್ ಕೈಗೆತ್ತಿಕೊಂಡಾಗ ನನಗೆ 38 ವರ್ಷ. ಬೆಂಗಳೂರಿನ ಕೆಲಸ ಮುಗಿಸಿ, ಊಟ ಮಾಡಿ, ಪಾತ್ರೆಗಳ ಸದ್ದಡಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೊಂದರವರೆಗೆ ನನ್ನ ಅಭ್ಯಾಸ. ಎಡಗೈಯ ಬೆರಳ ತುದಿಗಳು ಜಡ್ಡುಗಟ್ಟಿವೆ. ಅಲ್ಲಿ ಉಗುರು ಬೆಳೆಯಕೂಡದು. ಬಲಗೈಯಲ್ಲಿ ಉಗುರು ಇರಲೇಬೇಕು, ಅದೂ ಅರ ಹಾಕಿ ನಯ ಮಾಡಿದ್ದು. ತಂತಿ ಬಿಗಿದ ಯಾವ ವಸ್ತು ಕಂಡರೂ ನನ್ನ ಕೈ ತಡೆಯುವುದಿಲ್ಲ. ಜೋಗಿಯ ಏಕತಾರಿಯಾಗಲಿ, ಭಜನೆಯ ತಂಬೂರಿಯಾಗಲಿ, ಗೆಳೆಯರ ಮನೆಯ ಮ್ಯಾಂಡೊಲಿನ್ ಆಗಲಿ, ಒಮ್ಮೆ ಮೀಟಿ ನೋಡಿದರೇನೇ ಸಮಾಧಾನ. ಈ ಆಸೆಯ ಬೇರು ಇರುವುದು ನನ್ನ ಸೋದರತ್ತೆಯ ವೀಣೆಯಲ್ಲಿ. ಅವರು ಮೈಸೂರು ಬಾನಿಯಲ್ಲಿ ಕಲಿತವರು. ಆ ಬಾನಿಯಲ್ಲಿ ಮೀಟಿಗೆ ದೊಡ್ಡ ಸ್ಥಾನ. ನಾನು ಗಿಟಾರ್ ಕಲಿಯತೊಡಗಿದ ವರ್ಷ ಊರಿಗೆ ಹೋಗಿ ಅವರೆದುರು ನುಡಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದರು: "ನೀನು ಮೀಟಿದ್ದು ಕೇಳಿಸ್ತು. ಮೀಟಿದ ಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನೀನು ಕೇಳಿಸ್ಕೊಂಡ್ಯಾ?"

ಆ ಪ್ರಶ್ನೆಯೇ ನನ್ನನ್ನು ಗ್ರಾನಡಾಕ್ಕೆ ಕರೆತಂದಿತು ಎಂದರೆ ತಪ್ಪಲ್ಲ.

ಪಿಟೀಲಿನ ಕಮಾನು ಒಂದು ಸ್ವರವನ್ನು ಎಳೆದಷ್ಟು ಹೊತ್ತು ಎಳೆಯಬಲ್ಲದು. ಕೊಳಲಿನ ಸ್ವರ ಉಸಿರಿರುವಷ್ಟು ಹೊತ್ತು ಇರುತ್ತದೆ. ಮೀಟುವ ವಾದ್ಯಕ್ಕೆ ಆ ಭಾಗ್ಯವಿಲ್ಲ. ಬೆರಳು ತಂತಿಯನ್ನು ಬಿಟ್ಟ ಕ್ಷಣದಲ್ಲಿ ಸ್ವರ ಹುಟ್ಟುತ್ತದೆ, ಅದೇ ಕ್ಷಣದಿಂದ ಸಾಯತೊಡಗುತ್ತದೆ. ವೀಣೆ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಜಗ್ಗಿ, ಒಂದೇ ಮೀಟಿನ ಒಳಗಿನಿಂದ ಎರಡು ಮೂರು ಸ್ವರಗಳನ್ನು ಎಳೆದು ತೆಗೆಯುತ್ತದೆ. ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿ ಅಷ್ಟು ಜಗ್ಗಿಸಿಕೊಳ್ಳುವುದಿಲ್ಲ. ಅದರ ಉಪಾಯ ಬೇರೆ, ಹೆಸರು ಟ್ರೆಮೊಲೊ. ಹೆಬ್ಬೆರಳು ಕೆಳಗಿನ ಷಡ್ಜವನ್ನೋ ಪಂಚಮವನ್ನೋ ಮೀಟುತ್ತದೆ. ಅದರ ಬೆನ್ನಿಗೇ ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೆ ಒಂದು ಒಂದೇ ತಂತಿಯ ಒಂದೇ ಸ್ವರವನ್ನು ಮೀಟುತ್ತವೆ. ವೇಗ ಕೂಡಿದಾಗ ಬಿಡಿ ಮೀಟುಗಳು ಮಾಯವಾಗಿ ಕಿವಿಗೆ ಒಂದೇ ಎಳೆ ಕೇಳುತ್ತದೆ.

ಈ ಉಪಾಯದ ಶಿಖರದಂಥ ಕೃತಿಯ ಹೆಸರು 'ರೆಕುಯೆರ್ದೊಸ್ ದೆ ಲಾ ಅಲ್ಹಾಂಬ್ರಾ', ಅಲ್ಹಾಂಬ್ರಾದ ನೆನಪುಗಳು. ಬರೆದವರು ಫ್ರಾನ್ಸಿಸ್ಕೊ ತಾರ್ರೆಗಾ, ವರ್ಷ 1899. ತಾರ್ರೆಗಾ ಹುಟ್ಟಿದ್ದು 1852ರಲ್ಲಿ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ 1852ರಲ್ಲಿ. ಒಬ್ಬರು ಸ್ಪೇನಿನ ಪೂರ್ವ ಕರಾವಳಿಯ ವಿಯಾರಿಯಾಲ್ ಊರಿನಲ್ಲಿ, ಒಬ್ಬರು ಮೈಸೂರಿನಲ್ಲಿ. ಸಾಯುವ ಸ್ವರವನ್ನು ಹೇಗೆ ಬದುಕಿಸುವುದೆಂಬ ಒಂದೇ ಪ್ರಶ್ನೆಗೆ ಇಬ್ಬರೂ ಒಂದೇ ಕಾಲದಲ್ಲಿ, ಪರಸ್ಪರ ಗುರುತಿಲ್ಲದೆ, ತಂತಿಯ ಮೇಲೆ ಉತ್ತರ ಹುಡುಕುತ್ತಿದ್ದರು. ಈ ವಿಷಯ ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಟ್ರೆಮೊಲೊ ಮಾತ್ರ ಮೂರು ವರ್ಷ ಅಭ್ಯಾಸ ಮಾಡಿದರೂ ಕುಂಟುತ್ತಿತ್ತು. ಮೂರು ಬೆರಳಲ್ಲಿ ಒಂದು ಅವಸರಪಡುತ್ತದೆ, ಒಂದು ಹಿಂದುಳಿಯುತ್ತದೆ, ನಡುವೆ ಬಿರುಕು ಕಾಣುತ್ತದೆ. ಆ ಬಿರುಕನ್ನು ಮುಚ್ಚಲು ನಾನು ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ವೇಗವಾಗಿ ಮೀಟುತ್ತಿದ್ದೆ. ಕೂಡಿಟ್ಟ ರಜೆ, ಕೂಡಿಟ್ಟ ಹಣ ಎರಡನ್ನೂ ಒಟ್ಟು ಮಾಡಿ, ಆ ಹಾಡು ಯಾವ ಊರಿನ ನೆನಪೋ ಆ ಊರಿಗೇ ಹೋಗಿ ನೋಡೋಣವೆಂದು ಹೊರಟೆ.

ವಾಸನೆ ಬಂದ ಬಾಗಿಲು ಗಿಟಾರ್ ಮಾಡುವವರದು. ಗೊಮೆರೆಸ್ ದಿಬ್ಬದಲ್ಲಿ ಅಂಥ ಬಾಗಿಲುಗಳು ಹಲವು. ಬೆನಿತೊ ಫೆರ್ರೆರ್, ಅವರ ಸೋದರಳಿಯ ಎದುಆರ್ದೊ ಫೆರ್ರೆರ್ ಮೊದಲಾದವರಿಂದ ಬೆಳೆದ ಗ್ರಾನಡಾ ಪರಂಪರೆ ಇನ್ನೂ ಜೀವಂತವಾಗಿದೆ. ಕಾರ್ಖಾನೆಯಲ್ಲ, ಒಬ್ಬರೋ ಇಬ್ಬರೋ ಕೂತು ಕೆಲಸ ಮಾಡುವ ಕೋಣೆ. ಗೋಡೆಯ ತುಂಬ ತೂಗುಹಾಕಿದ ಅರೆಬರೆ ಗಿಟಾರುಗಳು, ಮೂಲೆಯಲ್ಲಿ ವರ್ಷಗಟ್ಟಲೆ ಒಣಗುತ್ತಿರುವ ಹಲಗೆಗಳು. ಒಳಗಿದ್ದ ಹಿರಿಯರಿಗೆ ನನ್ನ ಮುರುಕು ಸ್ಪ್ಯಾನಿಷ್ ಸಾಲದೆಂದು ತಿಳಿದೊಡನೆ ಅವರು ಮಾತು ಬಿಟ್ಟು ಮರಗಳನ್ನೇ ನನ್ನ ಕೈಗೆ ಕೊಡತೊಡಗಿದರು.

ಮೊದಲು ಮುಂಭಾಗದ ಹಲಗೆ. ಯುರೋಪಿನ ಸ್ಪ್ರೂಸ್, ಎರಡೂವರೆ ಮಿಲಿಮೀಟರಿಗೂ ತೆಳ್ಳಗೆ ಕೆತ್ತಿದ್ದು. ಬೆಳಕಿಗೆ ಹಿಡಿದರೆ ಎಳೆಗಳು ಪಂಚೆಯ ನೇಯ್ಗೆಯ ಹಾಗೆ ನೇರ. ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳು. ಇಂದಿನ ಕ್ಲಾಸಿಕಲ್ ಗಿಟಾರಿನ ಗಾತ್ರ, ರೂಪ, ಈ ಬೀಸಣಿಗೆಯ ಜೋಡಣೆ ಎಲ್ಲವನ್ನೂ ನೆಲೆಗೊಳಿಸಿದವರು ಇಲ್ಲಿಗೆ ಸಮೀಪದ ಅಲ್ಮೆರಿಯಾದ ಅಂತೋನಿಯೊ ದೆ ತೋರ್ರೆಸ್ (1817–1892). ತಾರ್ರೆಗಾ ನುಡಿಸಿದ್ದೂ ಅವರ ಕೈಯ ಗಿಟಾರನ್ನೇ. ನಾದ ಹುಟ್ಟುವುದು ಮುಂಭಾಗದ ಹಲಗೆಯಲ್ಲೇ ಎಂದು ತೋರಿಸಲು ತೋರ್ರೆಸ್ 1862ರಲ್ಲಿ ಒಂದು ಗಿಟಾರಿನ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ಮುದ್ದೆಯಿಂದ ಮಾಡಿದರು. ಅದು ಇಂದಿಗೂ ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಹಾಗಾದರೆ ಹಿಂಬದಿಯ ಮರಕ್ಕೆ ಏನು ಕೆಲಸ? ಕೈಸನ್ನೆಯಲ್ಲೇ ಕೇಳಿದೆ. ಹಿರಿಯರು ಎರಡು ಹಲಗೆ ತಂದರು. ಒಂದು ತಿಳಿ ಹಳದಿಯ ಸೈಪ್ರೆಸ್. ಮೂಲೆಯಲ್ಲಿ ಚಿವುಟಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. ಟಕ್ ಎಂದು ನುಡಿದು ನಿಂತಿತು. ಇನ್ನೊಂದು ಕಡುಗಂದು, ನೇರಳೆಯ ಗೆರೆಗಳದ್ದು. ತಟ್ಟಿದರು. ಅದು ದೇವಸ್ಥಾನದ ಸಣ್ಣ ಗಂಟೆಯ ಹಾಗೆ ನುಡಿದು, ನುಡಿಯುತ್ತಲೇ ಇತ್ತು. "ಪಾಲೊಸಾಂತೊ ದೆ ಲಾ ಇಂದಿಯಾ" ಎಂದರು. ಭಾರತದ ರೋಸ್‌ವುಡ್. ನಮ್ಮ ಬೀಟೆ. ಸೈಪ್ರೆಸ್ಸಿನದು ಫ್ಲಮೆಂಕೊ ಗಿಟಾರ್; ಕುಣಿಯುವವರ ಹೆಜ್ಜೆಯ ಜೊತೆ ಸ್ವರ ಥಟ್ಟನೆ ಬಂದು ಥಟ್ಟನೆ ಹೋಗಬೇಕು. ಬೀಟೆಯದು ಕ್ಲಾಸಿಕಲ್, ಸ್ವರ ಹೊರಡುವ ಮೊದಲು ಹೊಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮರ ಸ್ವರವನ್ನು ಹುಟ್ಟಿಸುವುದಿಲ್ಲ, ಆದರೆ ಹುಟ್ಟಿದ್ದನ್ನು ಹೇಗೆ ಬೀಳ್ಕೊಡಬೇಕು ಎಂಬುದರಲ್ಲಿ ಅದಕ್ಕೂ ಒಂದು ಮಾತಿದೆ ಎಂದು ನಾನು ಅರ್ಥ ಮಾಡಿಕೊಂಡೆ.

ಒಂದು ಕಾಲಕ್ಕೆ ಈ ಜಾಗದಲ್ಲಿ ಬ್ರೆಜಿಲಿನ ರೋಸ್‌ವುಡ್ ಇತ್ತು. ಅಲ್ಲಿನ ಕಾಡು ಬರಿದಾಗುತ್ತ ಬಂದ ಹಾಗೆ ಬೀಟೆ ಆ ಜಾಗಕ್ಕೆ ಬಂತು. 1992ರಲ್ಲಿ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಬ್ರೆಜಿಲಿನ ಮರದ ವ್ಯಾಪಾರವನ್ನು ಬಹುತೇಕ ನಿಲ್ಲಿಸಿದ ಮೇಲಂತೂ ಬೀಟೆಯ ಜವಾಬ್ದಾರಿ ಹೆಚ್ಚಿತು. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳೂ ಆ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಯಲ್ಲಿ. ನಮ್ಮಲ್ಲಿ ಸ್ವಂತ ಹಿತ್ತಲಿನ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು ಎಂದು ದೊಡ್ಡವರು ಗೊಣಗುವುದನ್ನು ಕೇಳಿ ಬೆಳೆದವಳು ನಾನು. ಆ ಹಲಗೆಯನ್ನು ಕೈಯಲ್ಲಿ ಹಿಡಿದಾಗ ಆ ಕಾನೂನಿನ ಮೇಲೆ ನನಗೆ ಪ್ರೀತಿ ಬಂತು. ಹತ್ತಾರು ವರ್ಷ ನಿಧಾನವಾಗಿ ಬೆಳೆದ ಮರಕ್ಕೆ ಮಾತ್ರ ಹಾಗೆ ನಿಧಾನವಾಗಿ ನುಡಿಯಲು ಬರುತ್ತದೆ.

ಹಿರಿಯರು ನನ್ನ ಗಿಟಾರನ್ನೂ ತೆರೆಸಿದರು. ತಿರುಗಿಸಿ ಹಿಂಬದಿ ನೋಡಿ ನಕ್ಕರು: ಇದೂ ಪಾಲೊಸಾಂತೊ, ನಿಮ್ಮದೇ. ಐದು ವರ್ಷ ಎದೆಗಾನಿಸಿ ನುಡಿಸಿದ ವಾದ್ಯದ ಬೆನ್ನು ನಮ್ಮ ಮನೆಯ ದಾರಂದದ ಮರವೆಂದು ನನಗೆ ಗೊತ್ತಿರಲಿಲ್ಲ. ಬೆರಳು ಓಡಾಡುವ ಪಟ್ಟಿಯ ಕಪ್ಪು ಎಬನಿ ಆಫ್ರಿಕಾದ್ದು, ಕುತ್ತಿಗೆಯ ಸೀಡರ್ ಅಮೆರಿಕದ ಉಷ್ಣಸೀಮೆಯದ್ದು, ಎದೆ ಯುರೋಪಿನದ್ದು, ಬೆನ್ನು ಭಾರತದ್ದು. ಕೊನೆಗೆ ಮೈಗೆ ಹೊಳಪು ಕೊಡಲು ಬಟ್ಟೆಯ ಉಂಡೆಯಲ್ಲಿ ಅದ್ದಿ ಉಜ್ಜುವುದು ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಜೊತೆ ಹಚ್ಚುವ ಅದೇ ಅರಗು.

ಅಂದು ರಾತ್ರಿ ಸಾಕ್ರೊಮೊಂತೆ ಗುಡ್ಡದ ಗುಹೆಯೊಂದರಲ್ಲಿ ಫ್ಲಮೆಂಕೊ ಕೇಳಿದೆ. ಸುಣ್ಣ ಬಳಿದ ಕಮಾನು ಛಾವಣಿ, ಗೋಡೆಗೆ ತೂಗುಹಾಕಿದ ತಾಮ್ರದ ಪಾತ್ರೆಗಳು. ನಾಲ್ಕು ಹೆಜ್ಜೆ ಆಚೆ ಸೈಪ್ರೆಸ್ ಗಿಟಾರ್ ಹಿಡಿದ ಯುವಕ. ಅವನ ಟ್ರೆಮೊಲೊ ನಮ್ಮದಲ್ಲ. ಹೆಬ್ಬೆರಳ ನಂತರ ಮೂರಲ್ಲ, ನಾಲ್ಕು ಮೀಟು. ರಾಗದ ಇಳಿಜಾರು ಕೇಳಿದ ಕೂಡಲೇ ನನಗೆ ವಕುಳಾಭರಣ ನೆನಪಾಯಿತು. ಅದೇ ಶುದ್ಧ ರಿಷಭ, ಅದೇ ಅಂತರ ಗಾಂಧಾರ, ನಡುವೆ ಅದೇ ನೋವಿನ ಕಂದಕ. 1922ರ ಜೂನ್ 13 ಮತ್ತು 14ರಂದು ಸಂಗೀತಗಾರ ಮನುಯೆಲ್ ದೆ ಫಾಲ್ಯಾ, ಕವಿ ಲೋರ್ಕಾ ಮತ್ತು ಗೆಳೆಯರು ಈ ಹಾಡುಗಾರಿಕೆ ಅಳಿದುಹೋಗಬಾರದೆಂದು ಅಲ್ಹಾಂಬ್ರಾದ ಅಂಗಳದಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದ್ದರು. ಆ ಅಂಗಳದ ಹೆಸರು ಪ್ಲಾಸಾ ದೆ ಲೊಸ್ ಅಲ್ಹಿಬೆಸ್, ನೀರಿನ ತೊಟ್ಟಿಗಳ ಚೌಕ. ಹಾಡಿದವರ ಕಾಲ ಕೆಳಗೆ ನೀರಿತ್ತು. ಆ ಹೆಸರು ಮರುದಿನ ಅರಮನೆಯಲ್ಲಿ ನನ್ನ ಜೊತೆಗೇ ನಡೆಯಿತು.

ಗೊಮೆರೆಸ್ ದಿಬ್ಬದ ತುದಿಯಲ್ಲಿ ಕಲ್ಲಿನ ಮೂರು ದಾಳಿಂಬೆಗಳನ್ನು ತಲೆಯ ಮೇಲೆ ಹೊತ್ತ ಹೆಬ್ಬಾಗಿಲಿದೆ. ಗ್ರಾನಡಾ ಅಂದರೆ ದಾಳಿಂಬೆ. ಅದನ್ನು ದಾಟಿದರೆ ಎತ್ತರದ ಮರಗಳ ಕಾಡು, ದಾರಿಯ ಎರಡೂ ಬದಿಗೆ ಹರಿಯುವ ಸಣ್ಣ ಕಾಲುವೆಗಳು. ಒಳಗೆ ಹೋದಂತೆ ನೀರೇ ದಾರಿ ತೋರಿಸುತ್ತದೆ. ಮರ್ಟಲ್ ಪೊದೆಗಳ ನಡುವೆ ಗೋಪುರವನ್ನು ತಲೆಕೆಳಗಾಗಿ ಹಿಡಿದಿಟ್ಟ ಕೊಳ, ಹನ್ನೆರಡು ಸಿಂಹಗಳ ಬಾಯಿಂದ ಚಿಮ್ಮುವ ನೀರು, ಕೋಣೆಯ ಒಳಗೇ ಅಮೃತಶಿಲೆಯ ನೆಲದಲ್ಲಿ ಗೆರೆ ಎಳೆದಂತೆ ಹರಿಯುವ ನೀರು. 13ನೇ ಶತಮಾನದಲ್ಲಿ, ನಾಸ್ರಿದ್ ವಂಶದ ಮೊದಲ ಸುಲ್ತಾನನ ಕಾಲದಲ್ಲಿ, ದಾರ್ರೊ ನದಿಯನ್ನು ಮೇಲ್ಗಡೆ ತಡೆದು ಗುಡ್ಡದ ಮೈಗುಂಟ ರಾಜಕಾಲುವೆ ತಂದರು. ಯಂತ್ರವಿಲ್ಲ, ಬರೀ ಇಳಿಜಾರಿನ ಲೆಕ್ಕ.

ನನಗೆ ಇದು ಅಪರಿಚಿತವಾಗಿ ಕಾಣಲಿಲ್ಲ. ನಮ್ಮ ಮನೆಯ ಹಿತ್ತಲಿಗೆ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಗಳ ಮೇಲೆ ಅಬ್ಬಿ ನೀರು ಬರುತ್ತಿತ್ತು. ಹಗಲೂ ರಾತ್ರಿ ಬಾನಿಗೆ ಬೀಳುತ್ತಿದ್ದ ಆ ನೀರಿನ ಸದ್ದು ನಿಂತರೆ ಮಲಗಿದ್ದವರಿಗೆಲ್ಲ ಎಚ್ಚರವಾಗುತ್ತಿತ್ತು.

ಅರಮನೆಗೆ ಸೇರಿದ ಹೆನೆರಲಿಫೆ ತೋಟದ ಮೇಲ್ತುದಿಯಲ್ಲಿ 'ನೀರಿನ ಮೆಟ್ಟಿಲು' ಇದೆ. ಎರಡೂ ಬದಿಯ ಕೈಪಿಡಿಗೋಡೆಯ ತಲೆಯನ್ನು ದೋಣಿಯಂತೆ ಕೊರೆದು ಅದರಲ್ಲಿ ನೀರು ಹರಿಯಬಿಟ್ಟಿದ್ದಾರೆ. ಹತ್ತುವವರು ಆಸರೆಗೆಂದು ಕೈಯಿಟ್ಟರೆ ಕಲ್ಲಿನ ಬದಲು ನೀರು ಸಿಗುತ್ತದೆ. ನಾನು ಬಲಗೈಯ ಮೂರು ಬೆರಳನ್ನು ಅದರಲ್ಲಿಟ್ಟೆ. ಹಿಮದಂಥ ತಣ್ಪು. ಅಭ್ಯಾಸಬಲದಿಂದ ಉಂಗುರ, ನಡು, ತೋರು ಎಂದು ಬೆರಳು ಆಡಿಸಿದೆ. ನೀರನ್ನು ಹಿಡಿಯಲು ಹೋದರೆ ಅದು ಬೆರಳಿಗೆ ಹೊಡೆದು ಸಿಡಿಯುತ್ತಿತ್ತು. ಬೆರಳು ಸಡಿಲಬಿಟ್ಟರೆ ನಡುವೆ ನುಣ್ಣಗೆ ಜಾರುತ್ತಿತ್ತು. ಈಗ ಇದ್ದ ನೀರು ಮರುಕ್ಷಣ ಇರಲಿಲ್ಲ, ಆದರೂ ಕೈಪಿಡಿ ಒಮ್ಮೆಯೂ ಬರಿದಾಗಲಿಲ್ಲ.

ಅಲ್ಲಿ ನಿಂತಾಗ ನನ್ನ ತಪ್ಪು ತಿಳಿಯಿತು. ಸ್ವರ ಸಾಯಬಾರದೆಂದು ನಾನು ಅದನ್ನು ಹಿಡಿದಿಡಲು ನೋಡುತ್ತಿದ್ದೆ. ತಾರ್ರೆಗಾ ಸ್ವರವನ್ನು ಹಿಡಿದಿಡಲಿಲ್ಲ. ಹೋಗುವುದನ್ನು ಹೋಗಲು ಬಿಟ್ಟು, ಅದರ ಜಾಗಕ್ಕೆ ಇನ್ನೊಂದನ್ನು ಕಳಿಸಿದರು. ಅವರು ಬಾಲ್ಯದಲ್ಲಿ ಕಾಲುವೆಗೆ ಬಿದ್ದು ಕಣ್ಣಿಗೆ ಪೆಟ್ಟಾಯಿತೆಂದೂ, ಮುಂದೆ ದೃಷ್ಟಿ ಹೋದರೂ ಹೊಟ್ಟೆಗೆ ಆಧಾರವಾಗಲೆಂದು ತಂದೆ ಅವರನ್ನು ಸಂಗೀತಕ್ಕೆ ಹಚ್ಚಿದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ತನ್ನ ಕಣ್ಣನ್ನು ಮಂಕಾಗಿಸಿದ ನೀರಿನ ಮೇಲೆ ಮುನಿಸಿಲ್ಲದ ಒಬ್ಬ ಮನುಷ್ಯ ಈ ಸದ್ದನ್ನು ಕೇಳುತ್ತ ನಿಂತಿದ್ದನ್ನು ಊಹಿಸಿಕೊಂಡು ನನಗೆ ಗಂಟಲು ಕಟ್ಟಿತು.

ಕೊನೆಯ ಸಂಜೆ ನಾನು ಉಳಿದಿದ್ದ ವಸತಿಗೃಹದ ಒಳಂಗಳದಲ್ಲಿ, ನಾಲ್ಕಾರು ಜನ ಅತಿಥಿಗಳ ನಡುವೆ, ಕೇಳಿದರೆಂದು ನುಡಿಸಿದೆ. ಮೊದಲು ನನ್ನ ಅಚ್ಚುಮೆಚ್ಚಿನದು, 'ಗ್ವಾರ್ದಾಮೆ ಲಾಸ್ ವಾಕಾಸ್', ಅಂದರೆ ನನ್ನ ದನ ನೋಡಿಕೋ. ಗ್ರಾನಡಾದಲ್ಲೇ ಹುಟ್ಟಿದ ಲೂಯಿಸ್ ದೆ ನಾರ್ವಾಯೆಸ್ 1538ರಲ್ಲಿ ಅಚ್ಚು ಮಾಡಿಸಿದ ಸಂಗ್ರಹದಲ್ಲಿ ಗಿಟಾರಿನ ಪೂರ್ವಜವಾದ ವಿಹುವೆಲಾಕ್ಕಾಗಿ ಬರೆದದ್ದು. ಮೂರನೆಯ ತಂತಿಯನ್ನು ಅರ್ಧ ಸ್ವರ ಇಳಿಸಿಕೊಂಡರೆ ಗಿಟಾರ್ ವಿಹುವೆಲಾ ಆಗುತ್ತದೆ. ಒಂದು ಸರಳ ಧಾಟಿ, ಅದರ ಮೇಲೆ ಬಗೆಬಗೆಯ ವಿಸ್ತಾರ. ದನ ಕಾಯುವ ಹುಡುಗನ ದಾರಿಯಂತೆ ಎಲ್ಲಿ ಅಲೆದರೂ ಸಂಜೆಗೆ ಹಟ್ಟಿಗೆ ಬರುತ್ತದೆ. ಆಮೇಲೆ ಗಿಟಾರ್ ಕಲಿಯುವ ಪ್ರತಿಯೊಬ್ಬರ ಮೊದಲ ಪ್ರೀತಿಯಾದ, ಬರೆದವರು ಯಾರೆಂದು ಇತ್ಯರ್ಥವಾಗದ 'ರೊಮಾನ್ಸ್'. ಆಮೇಲೆ ತಾರ್ರೆಗಾರ 'ಲಾಗ್ರಿಮಾ', ಕಣ್ಣೀರು. ಒಂದು ಪುಟದ ಹಾಡು, ಒಂದು ಜೀವಮಾನದ ಅಭ್ಯಾಸ.

ನಮ್ಮ ಊರಿನದೊಂದು ನುಡಿಸಿ ಎಂದರು. 'ಪಲ್ಲವಿ ಅನುಪಲ್ಲವಿ'ಯ 'ನಗುವ ನಯನ' ನುಡಿಸಿದೆ. 1983ರ ಚಿತ್ರ, ಇಳಯರಾಜಾ ಸಂಗೀತ. ಭಾಷೆ ಗೊತ್ತಿಲ್ಲದವರೂ ಮೆಲ್ಲಗೆ ತಲೆದೂಗಿದರು. ಅದೇ ಚಿತ್ರದ ಹಿನ್ನೆಲೆ ಸಂಗೀತದ ತುಣುಕೊಂದು ಮುಂದೆ ನಮ್ಮ ದೇಶದ ಮೊಬೈಲ್ ಕಂಪನಿಯೊಂದರ ಜಾಹೀರಾತಿನಿಂದ ಮನೆಮನೆಗೆ ಮುಟ್ಟಿತೆಂದು ಹೇಳಿದಾಗ, ಅಲ್ಲಿದ್ದ ವಿದ್ಯಾರ್ಥಿಯೊಬ್ಬ ಥಟ್ಟನೆ ನೋಕಿಯಾ ಫೋನಿನ ರಿಂಗಣವನ್ನು ಗುನುಗಿದ. ಅದು ತಾರ್ರೆಗಾರ 1902ರ 'ಗ್ರಾನ್ ವಾಲ್ಸ್'ನ ತುಣುಕು. ಎಷ್ಟೋ ಕೋಟಿ ಜನ ಹೆಸರು ತಿಳಿಯದೆ ತಾರ್ರೆಗಾರನ್ನು ಕೇಳಿದ್ದಾರೆ, ಹೆಸರು ತಿಳಿಯದೆ ನಮ್ಮ ಕನ್ನಡ ಚಿತ್ರವನ್ನೂ ಕೇಳಿದ್ದಾರೆ. ಹೆಸರು ಕಳಚಿಹೋದ ಮೇಲೂ ಹಾಡು ಹರಿಯುತ್ತಲೇ ಇದೆ ಎಂದು ಯೋಚಿಸುತ್ತ ನಾನು 'ರೆಕುಯೆರ್ದೊಸ್' ಶುರು ಮಾಡಿದೆ. ತುಂಬ ನಿಧಾನವಾಗಿ, ಪ್ರತಿ ಮೀಟಿನ ತುದಿಯನ್ನೂ ಕೇಳುತ್ತ. ಕುಂಟು ಪೂರ್ತಿ ಹೋಗಿರಲಿಲ್ಲ. ಆದರೆ ಕೀರವಾಣಿಯ ನೆರಳಿನಲ್ಲಿ ನಡೆಯುವ ಹಾಡು ಶಂಕರಾಭರಣದ ಬೆಳಕಿಗೆ ಹೊರಳುವ ಜಾಗದಲ್ಲಿ, ಮೊದಲ ಸಲ ಬೆರಳುಗಳು ನನ್ನವು ಅನ್ನಿಸಲಿಲ್ಲ.

ಮುಂದಿನ ಆಷಾಢದಲ್ಲಿ ಊರಿಗೆ ಹೋದೆ. ಹೆಂಚಿನ ಮೇಲೆ ಹಿಡಿದುಬಿಟ್ಟ ಮಳೆ. ಅತ್ತೆಯ ಬೆರಳ ಗಂಟುಗಳು ಊದಿವೆ. ವೀಣೆ ತಂತಿ ಸಡಿಲಿಸಿಕೊಂಡು ಮೂಲೆಯಲ್ಲಿ ಮಲಗಿದೆ. ಜಗಲಿಯಲ್ಲಿ ಕೂತು ಅವರಿಗೆ ಆ ಹಾಡು ನುಡಿಸಿದೆ. ಅವರು ಏನೂ ಹೇಳಲಿಲ್ಲ. ಎದ್ದು ಬಂದು ಗಿಟಾರಿನ ಬೆನ್ನ ಮೇಲೆ ಅಂಗೈ ಸವರಿ, "ಬೀಟೆ ಅಲ್ವೇನೆ ಇದು?" ಅಂದರು. ಹೌದೆಂದೆ. ಕೈ ತೆಗೆಯಲಿಲ್ಲ. "ಕೆಳಗಿನ ದಪ್ಪ ತಂತಿ ಒಂದ್ಸಲ ಮೀಟು."

ಮೀಟಿದೆ. ಮಂದ್ರದ ಸ್ವರ ಎದ್ದು, ಜಗಲಿಯ ತುಂಬ ನಿಂತು, ಕರಗುತ್ತ ಬಂದು ಮಳೆಯ ಸದ್ದಿನೊಳಗೆ ಮುಳುಗಿತು. ಮುಗಿಯಿತೆಂದು ನಾನು ತಲೆಯೆತ್ತಿದೆ. ಅತ್ತೆ ಕಣ್ಣು ಮುಚ್ಚಿ, ಅಂಗೈಯನ್ನು ಮರದ ಮೇಲೆ ಹಾಗೇ ಹಗುರವಾಗಿ ಇಟ್ಟುಕೊಂಡಿದ್ದರು. ನಾನು ಉಸಿರು ಬಿಗಿಹಿಡಿದು ಕಾದೆ.

"ಈಗ ಹೋಯ್ತು ನೋಡು" ಅಂದರು.